ಬಾಡಿಗೆ ಮನೆಯ ಲೆಕ್ಕ: ಬರುವುದೆಷ್ಟು, ಉಳಿಯುವುದೆಷ್ಟು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ಸೈಟಿನ ಮನೆಗಳಿಗೆ ಹೆಚ್ಚುಕಡಿಮೆ ಒಂದೇ ರೂಪವಿರುತ್ತದೆ: ಕೆಳಗೆ ಮಾಲೀಕರ ಕುಟುಂಬ, ಮೇಲೆ ಒಂದೋ ಎರಡೋ ಬಾಡಿಗೆಯ ಸಂಸಾರ. ಸರ್ಕಾರಿ ನೌಕರಿಯಲ್ಲೋ ಸಾರ್ವಜನಿಕ ಉದ್ಯಮದ ಕಾರ್ಖಾನೆಯಲ್ಲೋ ದುಡಿದ ತಲೆಮಾರೊಂದು ಬಿಡಿಎಯಿಂದ ಅಥವಾ ಗೃಹ ನಿರ್ಮಾಣ ಸಹಕಾರ ಸಂಘದಿಂದ ಸೈಟು ಪಡೆದು, ಕೈಯಲ್ಲಿ ಹಣ ಕೂಡಿದಂತೆ ಒಂದೊಂದೇ ಮಹಡಿ ಏರಿಸಿ, ನಿವೃತ್ತಿಯ ನಂತರ ಪಿಂಚಣಿಯ ಜೊತೆಗೆ ಬಾಡಿಗೆಯನ್ನೂ ಎಣಿಸಿಕೊಂಡಿತು. ಅದನ್ನು ಕಂಡು ಬೆಳೆದವರಿಗೆ, ಒಂದು ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಕೂತಲ್ಲೇ ಆದಾಯ ಬರುತ್ತದೆ ಎಂಬ ನಂಬಿಕೆ ಇರುವುದು ಸಹಜ. ಆದರೆ ಆ ತಲೆಮಾರಿನ ಲೆಕ್ಕದಲ್ಲಿ ನೆಲದ ಬೆಲೆ ಬಹಳ ಕಡಿಮೆ ಇತ್ತು. ಹೂಡಿದ ಹಣದ ಬಹುಪಾಲು ಇಟ್ಟಿಗೆ, ಸಿಮೆಂಟು, ಕಬ್ಬಿಣಕ್ಕೆ ಹೋಗಿತ್ತು. ಇಂದು ಫ್ಲ್ಯಾಟನ್ನೋ ಕಟ್ಟಿದ ಮನೆಯನ್ನೋ ಕೊಳ್ಳುವವರು ಕೊಡುವ ಬೆಲೆಯಲ್ಲಿ ನೆಲದ ಪಾಲೂ, ಮುಂದೆ ಬೆಲೆ ಏರೀತೆಂಬ ನಿರೀಕ್ಷೆಯ ಪಾಲೂ ದೊಡ್ಡವು. ಬಾಡಿಗೆಗೆ ಆ ನಿರೀಕ್ಷೆಯ ಹಂಗಿಲ್ಲ. ಅದು ಬಾಡಿಗೆದಾರರ ಸಂಬಳಕ್ಕೆ ಅಂಟಿಕೊಂಡಿರುತ್ತದೆ. ಸಂಬಳ ಏರುವ ವೇಗವನ್ನು ಮೀರಿ ಬಹುಕಾಲ ಏರಲಾರದು. ಹಾಗಾಗಿ ಆಸ್ತಿಯ ಬೆಲೆಗೂ ಅದು ತರುವ ಬಾಡಿಗೆಗೂ ನಡುವಿನ ಅಂತರ ಹಿಗ್ಗಿದೆ, ಹೊಸದಾಗಿ ಈ ಹೂಡಿಕೆಗೆ ಇಳಿಯುವವರು ಮೊದಲು ಅಳೆಯಬೇಕಾದದ್ದು ಈ ಅಂತರವನ್ನೇ.

ವರ್ಷದ ಬಾಡಿಗೆಯನ್ನು ಮನೆಯ ಬೆಲೆಯಿಂದ ಭಾಗಿಸಿದರೆ ಬರುವ ಶೇಕಡಾವಾರು ಪ್ರಮಾಣವನ್ನು ಬಾಡಿಗೆ ಇಳುವರಿ ಎನ್ನುತ್ತಾರೆ. ಬೆಂಗಳೂರಿನ ವಸತಿ ಆಸ್ತಿಗಳಲ್ಲಿ ಇದು ಸಾಮಾನ್ಯವಾಗಿ ಶೇ. 3ರಿಂದ 4ರ ಆಸುಪಾಸಿನಲ್ಲಿರುತ್ತದೆ. ಒಂದು ಕಾಲ್ಪನಿಕ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. 80 ಲಕ್ಷ ರೂಪಾಯಿಯ ಎರಡು ಮಲಗುವ ಕೋಣೆಗಳ ಫ್ಲ್ಯಾಟ್, ತಿಂಗಳಿಗೆ 25,000 ರೂ. ಬಾಡಿಗೆ. ವರ್ಷಕ್ಕೆ 3 ಲಕ್ಷ, ಅಂದರೆ ಶೇ. 3.75. ದಲ್ಲಾಳಿಗಳೂ ಬಿಲ್ಡರುಗಳೂ ಹೇಳುವ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ವಾಸ್ತವದಲ್ಲಿ ಆ ಫ್ಲ್ಯಾಟಿಗೆ ತಗಲುವ ವೆಚ್ಚ 80 ಲಕ್ಷವಲ್ಲ. ಕರ್ನಾಟಕದಲ್ಲಿ 45 ಲಕ್ಷಕ್ಕೆ ಮೀರಿದ ಆಸ್ತಿಗೆ ಶೇ. 5ರ ಮುದ್ರಾಂಕ ಶುಲ್ಕವಿದೆ. ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರಗಳಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿಸಲಾಗಿದೆ. ಒಟ್ಟು ಶೇ. 7.6, ಅಂದರೆ ಸುಮಾರು 6 ಲಕ್ಷ. ಅಡುಗೆಮನೆಯ ಕಪಾಟು, ವಾರ್ಡ್‌ರೋಬು, ಫ್ಯಾನು, ಗೀಸರುಗಳಿಲ್ಲದ ಖಾಲಿ ಫ್ಲ್ಯಾಟಿಗೆ ಒಳ್ಳೆಯ ಬಾಡಿಗೆದಾರರು ಸಿಗುವುದು ಕಷ್ಟವಾದ್ದರಿಂದ ಅದಕ್ಕೊಂದು 3 ಲಕ್ಷ ಹಿಡಿದರೆ ಹೂಡಿಕೆ 89 ಲಕ್ಷ ಮುಟ್ಟುತ್ತದೆ. ಇತ್ತ ಬಾಡಿಗೆಯೂ ಪೂರ್ತಿ ಕೈಗೆ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾಗಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ ವರ್ಷಕ್ಕೆ 12,500 ರೂ. ನಷ್ಟ, ಹೊಸಬರನ್ನು ತಂದುಕೊಟ್ಟ ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಟ್ಟರೆ ಅಷ್ಟೇ ಮೊತ್ತ ಮತ್ತೊಮ್ಮೆ. ಆಸ್ತಿ ತೆರಿಗೆಗೆ 10,000, ರಿಪೇರಿ ಮತ್ತು ಸುಣ್ಣಬಣ್ಣಕ್ಕೆ ಸರಾಸರಿ 20,000, ವಿಮೆ ಮತ್ತು ಚಿಲ್ಲರೆ ಖರ್ಚಿಗೆ 10,000 ಎಂದಿಟ್ಟುಕೊಂಡರೂ 65,000 ಕಳೆದು ಉಳಿಯುವುದು 2.35 ಲಕ್ಷ. ಹೂಡಿದ 89 ಲಕ್ಷಕ್ಕೆ ಇದು ಶೇ. 2.6ರಷ್ಟು. ಶೇ. 30ರ ತೆರಿಗೆ ಹಂತದಲ್ಲಿರುವವರು ಇದರಿಂದ ಸುಮಾರು 60,000 ರೂ. ಆದಾಯ ತೆರಿಗೆಯನ್ನೂ ಕಟ್ಟಿದ ಮೇಲೆ ನಿಲ್ಲುವುದು ಶೇ. 2ಕ್ಕೂ ಕಡಿಮೆ. ಬ್ಯಾಂಕಿನ ನಿಶ್ಚಿತ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ. ಬಾಡಿಗೆ ವರ್ಷವರ್ಷ ಏರುತ್ತದೆ, ಠೇವಣಿಯ ಬಡ್ಡಿ ಏರುವುದಿಲ್ಲ, ಆಸ್ತಿಯ ಬೆಲೆಯೂ ಬೆಳೆಯಬಹುದು ಎಂಬುದು ನಿಜ. ಆದರೆ ಬೆಲೆ ಏರಿಕೆಯನ್ನು ನಂಬಿ ಕೊಳ್ಳುವುದು ಬೇರೆ ಬಗೆಯ ಹೂಡಿಕೆ. ಅದನ್ನು ಬಾಡಿಗೆ ಆದಾಯದ ಹೆಸರಿನಲ್ಲಿ ಮಾಡಿದಾಗಲೇ ಗೊಂದಲ ಹುಟ್ಟುತ್ತದೆ.

ಸಾಲ ಮಾಡಿದಾಗ

ಬಾಡಿಗೆಯೇ ಸಾಲದ ಕಂತು ಕಟ್ಟಿಕೊಳ್ಳುತ್ತದೆ ಎಂಬ ಮಾತು ಎಷ್ಟು ಪ್ರಚಲಿತವೋ ಅಷ್ಟೇ ಅಪಾಯಕಾರಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಗೃಹಸಾಲ 30 ಲಕ್ಷದವರೆಗಿದ್ದರೆ ಆಸ್ತಿ ಮೌಲ್ಯದ ಶೇ. 90ರವರೆಗೆ, 30ರಿಂದ 75 ಲಕ್ಷದ ನಡುವೆ ಶೇ. 80ರವರೆಗೆ, ಅದಕ್ಕೂ ಮೇಲಾದರೆ ಶೇ. 75ರವರೆಗೆ ಮಾತ್ರ ಕೊಡಬಹುದು; ಇಂಥ ಆಸ್ತಿಗಳಲ್ಲಿ ಮುದ್ರಾಂಕ ಮತ್ತು ನೋಂದಣಿ ವೆಚ್ಚ ಈ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಗರಿಷ್ಠ 64 ಲಕ್ಷ ಸಾಲ ಸಿಗಬಹುದು, ಉಳಿದ 25 ಲಕ್ಷ ಸ್ವಂತದ್ದಿರಬೇಕು. ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಲಕ್ಷಕ್ಕೆ 868 ರೂ.ನಂತೆ ತಿಂಗಳ ಕಂತು ಸುಮಾರು 55,500 ರೂ. ಬರುವ ಬಾಡಿಗೆ 25,000. ಪ್ರತಿ ತಿಂಗಳೂ 30,000ಕ್ಕೂ ಹೆಚ್ಚು ಹಣವನ್ನು ಸಂಬಳದಿಂದ ತುಂಬಬೇಕು. ಮನೆ ಖಾಲಿಯಿದ್ದ ತಿಂಗಳಲ್ಲಿ ಇಡೀ ಕಂತನ್ನೇ ತುಂಬಬೇಕು. ಇದನ್ನು ಕಡ್ಡಾಯ ಉಳಿತಾಯ ಎನ್ನಬಹುದೇ ಹೊರತು ಆದಾಯ ಎನ್ನಲಾಗದು.

ಹಾಗಾದರೆ ಎಷ್ಟು ಸಾಲವನ್ನು ಈ ಮನೆ ತಾನೇ ಹೊರಬಲ್ಲದು? ಖರ್ಚು ಕಳೆದು ಉಳಿಯುವ 2.35 ಲಕ್ಷವನ್ನು ತಿಂಗಳಿಗೆ ಹಂಚಿದರೆ ಸುಮಾರು 19,500 ರೂ.; ಅದು 22 ಲಕ್ಷದಷ್ಟು ಸಾಲದ ಕಂತಿಗೆ ಸಮ. ಅಂದರೆ ಬೆಲೆಯ ಕಾಲುಭಾಗದಷ್ಟು ಮಾತ್ರ. ಈ ಮಟ್ಟದ ಸಾಲದಲ್ಲಿ ಮೊದಲ ವರ್ಷದ ಬಡ್ಡಿಯು ಬಾಡಿಗೆಯ ತೆರಿಗೆಯೋಗ್ಯ ಭಾಗವನ್ನು ಹೆಚ್ಚುಕಡಿಮೆ ಪೂರ್ತಿ ಅಳಿಸುವುದರಿಂದ ತೆರಿಗೆಯ ಹೊರೆಯೂ ಇರುವುದಿಲ್ಲ. ಇಳುವರಿ ಬಡ್ಡಿದರದ ಅರ್ಧಕ್ಕಿಂತ ಕೆಳಗಿರುವ ಊರಿನಲ್ಲಿ ಸಾಲ ಎಂಬುದು ಲಾಭವನ್ನು ಹಿಗ್ಗಿಸುವ ಸಾಧನವಾಗಲಾರದು. ಅಮೆರಿಕದ ಪುಸ್ತಕ ಮತ್ತು ವಿಡಿಯೊಗಳಲ್ಲಿ ಹೇಳುವ, ಬೇರೆಯವರ ಹಣದಲ್ಲಿ ಮನೆ ಮೇಲೆ ಮನೆ ಕೊಳ್ಳುವ ವಿಧಾನ ಇಲ್ಲಿ ನಡೆಯದಿರುವುದಕ್ಕೆ ಮುಖ್ಯ ಕಾರಣ ಇದೇ.

ತೆರಿಗೆ

ಬಾಡಿಗೆ ಆದಾಯಕ್ಕೆ ಆದಾಯ ತೆರಿಗೆ ಕಾನೂನು ತಕ್ಕಮಟ್ಟಿಗೆ ಉದಾರವಾಗಿದೆ. ಬಂದ ಬಾಡಿಗೆಯಿಂದ ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇ. 30ನ್ನು ನಿರ್ವಹಣೆಯ ಬಾಬ್ತೆಂದು ಯಾವ ರಸೀದಿಯನ್ನೂ ಕೇಳದೆ ಬಿಟ್ಟುಕೊಡಲಾಗುತ್ತದೆ. ನಿಜವಾದ ರಿಪೇರಿ ವೆಚ್ಚ ಅದಕ್ಕಿಂತ ಹೆಚ್ಚಾದರೂ ಹೆಚ್ಚುವರಿ ವಿನಾಯಿತಿ ಇಲ್ಲ. ಬಾಡಿಗೆಗೆ ಬಿಟ್ಟ ಮನೆಯ ಸಾಲದ ಬಡ್ಡಿಯನ್ನೂ ಇದರಲ್ಲಿ ಕಳೆಯಬಹುದು. ಆದರೆ 64 ಲಕ್ಷ ಸಾಲ ಮಾಡಿದವರಂತೆ ಬಡ್ಡಿಯೇ ಬಾಡಿಗೆಯನ್ನು ಮೀರಿ ನಷ್ಟ ತೋರಿದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ವರ್ಷಕ್ಕೆ 2 ಲಕ್ಷದವರೆಗಿನ ನಷ್ಟವನ್ನು ಸಂಬಳದಂಥ ಬೇರೆ ಆದಾಯದಲ್ಲಿ ಹೊಂದಿಸಿಕೊಂಡು, ಉಳಿದದ್ದನ್ನು ಎಂಟು ವರ್ಷಗಳವರೆಗೆ ಮುಂದಕ್ಕೊಯ್ಯಬಹುದು. ಹೊಸ ಪದ್ಧತಿಯನ್ನು ಆಯ್ದವರಿಗೆ ಈ ಎರಡೂ ಸೌಲಭ್ಯಗಳಿಲ್ಲ. ತೆರಿಗೆ ಉಳಿಸಲೆಂದೇ ಸಾಲ ಮಾಡಿ ಎರಡನೆಯ ಮನೆ ಕೊಳ್ಳುವ ಹಳೆಯ ಸಲಹೆ, ಹೊಸ ಪದ್ಧತಿಗೆ ಬಂದವರ ಮಟ್ಟಿಗೆ ಅರ್ಥ ಕಳೆದುಕೊಂಡಿದೆ. ಇನ್ನೊಂದು ಮಾತು: ಗಂಡ ತನ್ನ ಹಣದಿಂದ ಹೆಂಡತಿಯ ಹೆಸರಿನಲ್ಲಿ ಮನೆ ಕೊಂಡರೆ ಅದರ ಬಾಡಿಗೆ ಗಂಡನ ಆದಾಯಕ್ಕೇ ಸೇರುತ್ತದೆ. ಇಬ್ಬರೂ ನಿಜವಾಗಿ ಹಣ ಹಾಕಿ ಜಂಟಿಯಾಗಿ ಕೊಂಡರೆ ಮಾತ್ರ ಆದಾಯ ಅವರವರ ಪಾಲಿನಂತೆ ಹಂಚಿಹೋಗುತ್ತದೆ.

ಎಲ್ಲಿಂದ ಆರಂಭಿಸಬೇಕು

ಸ್ವಂತ ಮನೆಯಿದ್ದು ಅದರ ಮೇಲೆ ಮಹಡಿಗೆ ಅವಕಾಶವಿರುವವರಿಗೆ ಅದಕ್ಕಿಂತ ಒಳ್ಳೆಯ ಆರಂಭ ಬೇರೆಡೆ ಸಿಗುವುದು ಕಷ್ಟ. ಎಂಟು ಚದರದ, ಅಂದರೆ 800 ಚದರ ಅಡಿಯ, ಮನೆಯೊಂದನ್ನು ಚದರಕ್ಕೆ 2.2 ಲಕ್ಷದಂತೆ ಕಟ್ಟಿದರೆ 17.6 ಲಕ್ಷ ಬೇಕು. ಅದಕ್ಕೆ ತಿಂಗಳಿಗೆ 15,000 ರೂ. ಬಾಡಿಗೆ ಬಂದರೂ ಇಳುವರಿ ಶೇ. 10 ದಾಟುತ್ತದೆ, ಏಕೆಂದರೆ ನೆಲಕ್ಕೆ ಹೊಸದಾಗಿ ಹಣ ಹಾಕಬೇಕಾಗಿಲ್ಲ. ಇಷ್ಟು ಇಳುವರಿಯಿದ್ದರೆ ಸಾಲದ ಬಡ್ಡಿಯನ್ನೂ ಬಾಡಿಗೆ ತಾಳಿಕೊಳ್ಳುತ್ತದೆ. ಮೊದಲು ತಿಳಿಯಬೇಕಾದದ್ದು ಎರಡು: ತಳಪಾಯ ಮತ್ತು ಪಿಲ್ಲರುಗಳು ಇನ್ನೊಂದು ಮಹಡಿಯ ಭಾರಕ್ಕೆಂದು ಕಟ್ಟಿದವೇ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರೊಬ್ಬರು ನೋಡಿ ಹೇಳಬೇಕು, ಮತ್ತು ನಕ್ಷೆಗೆ ಮಂಜೂರಾತಿ ಸಿಗಬೇಕು. ಮೇಸ್ತ್ರಿಯ ಭರವಸೆ ಮೊದಲನೆಯದಕ್ಕೂ, ಪಕ್ಕದ ಮನೆಯವರು ನಾಲ್ಕು ಮಹಡಿ ಕಟ್ಟಿದ್ದಾರೆಂಬ ವಾದ ಎರಡನೆಯದಕ್ಕೂ ಸಾಲದು. ಪ್ರತಿ ಮನೆಗೂ ಪ್ರತ್ಯೇಕ ವಿದ್ಯುತ್ ಮೀಟರ್ ಹಾಕಿಸುವುದು ಒಳ್ಳೆಯದು. 200 ಯೂನಿಟ್‌ವರೆಗಿನ ಗೃಹಜ್ಯೋತಿ ಸೌಲಭ್ಯ ಬಾಡಿಗೆದಾರರಿಗೂ ಇರುವುದರಿಂದ, ಒಂದೇ ಮೀಟರಿನಲ್ಲಿ ಎರಡು ಸಂಸಾರ ನಡೆಸುವ ಮನೆಗೆ ಬರಲು ಈಗ ಜನ ಹಿಂಜರಿಯುತ್ತಾರೆ.

ಮಹಡಿಗೆ ಅವಕಾಶವಿಲ್ಲದವರು ಬೆಂಗಳೂರಿನ ಹೊರಗೂ ಕಣ್ಣಾಡಿಸಬಹುದು. ಧಾರವಾಡ, ಮಣಿಪಾಲ, ಮೈಸೂರಿನಂಥ ಊರುಗಳಲ್ಲಿ ವಿದ್ಯಾರ್ಥಿಗಳ ಬೇಡಿಕೆ ನಿರಂತರವಾಗಿರುತ್ತದೆ. ಆದರೆ ಅದು ಶೈಕ್ಷಣಿಕ ವರ್ಷಕ್ಕೆ ಕಟ್ಟುಬಿದ್ದದ್ದು. ಪ್ರವೇಶದ ಸಮಯದಲ್ಲಿ ತಪ್ಪಿದರೆ ಮನೆ ತಿಂಗಳುಗಟ್ಟಲೆ ಖಾಲಿ ಉಳಿದೀತು. ಅಂಗಡಿ ಮಳಿಗೆಗಳ ಇಳುವರಿ ವಸತಿ ಮನೆಗಳಿಗಿಂತ ಹೆಚ್ಚು, ಖಾಲಿ ಬೀಳುವ ಅವಧಿಯೂ ಅಷ್ಟೇ ಹೆಚ್ಚು. ಮೊದಲ ಹೂಡಿಕೆಗೆ ಅದನ್ನು ನಾನು ಸೂಚಿಸಲಾರೆ.

ಬಡಾವಣೆಯನ್ನು ಆರಿಸುವಾಗ ಬೆಲೆ ಏರುವ ಸುದ್ದಿಗಿಂತ ಬಾಡಿಗೆದಾರರ ದಿನಚರಿಯನ್ನು ನೋಡುವುದು ಲೇಸು. ಮೆಟ್ರೊ ಬರಲಿದೆ ಎಂಬ ನಿರೀಕ್ಷೆಯು ಬೆಲೆಯಲ್ಲಿ ವರ್ಷಗಳ ಮೊದಲೇ ಸೇರಿಬಿಟ್ಟಿರುತ್ತದೆ, ಬಾಡಿಗೆ ಮಾತ್ರ ರೈಲು ಓಡಿದ ಮೇಲಷ್ಟೇ ಏರುತ್ತದೆ. ನೀರಿನ ಪ್ರಶ್ನೆ ಇನ್ನೂ ದೊಡ್ಡದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿಪಡಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತದ ಯೋಜನೆ ನಗರಕ್ಕೆ ಸೇರಿದ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆ ನೀರು ತರುವ ಉದ್ದೇಶದ್ದು. ಕೊಳ್ಳಲಿರುವ ಕಟ್ಟಡಕ್ಕೆ ಜಲಮಂಡಳಿಯ ಸಂಪರ್ಕ ಇದೆಯೇ, ಏಪ್ರಿಲ್ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸುತ್ತಾರೆ ಎಂಬುದನ್ನು ಅಲ್ಲಿನ ಕಾವಲುಗಾರರನ್ನೋ ನಿವಾಸಿಗಳನ್ನೋ ವಿಚಾರಿಸಿದರೆ ಕರಪತ್ರಕ್ಕಿಂತ ಖಚಿತ ಉತ್ತರ ಸಿಗುತ್ತದೆ.

ಕಾಗದಪತ್ರ

ಆಸ್ತಿಯ ಮೂಲಪತ್ರದಿಂದ ಇಂದಿನ ಮಾಲೀಕರವರೆಗಿನ ಕ್ರಯಪತ್ರಗಳ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು. ಋಣಭಾರ ಪ್ರಮಾಣಪತ್ರವನ್ನು, ಅಂದರೆ ಜನ ಇಸಿ ಎಂದು ಕರೆಯುವುದನ್ನು, ಕಾವೇರಿ 2.0 ಜಾಲತಾಣದಲ್ಲೇ ಪಡೆಯಬಹುದು. ಅದರಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಕುಟುಂಬದೊಳಗಿನ ಬಾಯಿಮಾತಿನ ವಿಭಾಗ, ನ್ಯಾಯಾಲಯದಲ್ಲಿರುವ ದಾವೆ, ನೋಂದಣಿಯಾಗದ ಕರಾರುಗಳು ಕಾಣುವುದಿಲ್ಲ. ಈಗ ಇ-ಖಾತಾ, ಅಂದರೆ ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ, ಇಲ್ಲದೆ ನೋಂದಣಿ ನಡೆಯದು. ಬಿ-ಖಾತಾ ಆಸ್ತಿಗೆ, ಅಂದರೆ ನಿಯಮಬದ್ಧವಲ್ಲದೆ ಪ್ರತ್ಯೇಕ ವಹಿಯಲ್ಲಿ ದಾಖಲಾದದ್ದಕ್ಕೆ, ಅನೇಕ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಬೆಲೆ ಕಡಿಮೆಯಿರುವುದರಿಂದ ಇಳುವರಿ ಚೆನ್ನಾಗಿ ಕಂಡರೂ ಮಾರುವಾಗ ಕೊಳ್ಳುವವರ ಸಂಖ್ಯೆ ಅಷ್ಟಕ್ಕಷ್ಟೇ ಇರುತ್ತದೆ. ಕೃಷಿ ಭೂಮಿಯಾಗಿದ್ದ ನೆಲವಾದರೆ ಭೂಪರಿವರ್ತನೆಯ ಆದೇಶವನ್ನೂ, ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದ ಭೂಮಿಯೇ ಎಂಬುದನ್ನೂ ನೋಡಲೇಬೇಕು. ಅಂಥ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸುತ್ತದೆ. ಫ್ಲ್ಯಾಟಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ಮತ್ತು ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಇರಬೇಕು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನ ನಂತರ ಓಸಿ ಇಲ್ಲದ ಹೊಸ ಕಟ್ಟಡಗಳು ವಿದ್ಯುತ್ ಸಂಪರ್ಕಕ್ಕೇ ಪರದಾಡಿದ್ದನ್ನು ನಗರ ಕಂಡಿದೆ. ಬ್ಯಾಂಕಿನ ವಕೀಲರು ಪರಿಶೀಲಿಸುವುದು ಬ್ಯಾಂಕಿನ ಹಿತವನ್ನು. ಸ್ವಂತ ವಕೀಲರಿಗೆ ಕೊಡುವ ಶುಲ್ಕದಲ್ಲಿ ಜಿಪುಣತನ ಮಾಡಬಾರದು.

ಬಾಡಿಗೆದಾರರು, ಕರಾರು, ಮುಂಗಡ

ಹನ್ನೊಂದು ತಿಂಗಳ ಕರಾರು ನಮ್ಮಲ್ಲಿ ರೂಢಿಯಾದದ್ದಕ್ಕೆ ಕಾರಣ 1908ರ ನೋಂದಣಿ ಕಾಯ್ದೆ: ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಕರಾರಿನಲ್ಲಿ ಬಾಡಿಗೆ, ವಾರ್ಷಿಕ ಏರಿಕೆ, ಮನೆ ಬಿಡಲು ಕೊಡಬೇಕಾದ ಸೂಚನೆಯ ಅವಧಿ, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ ಯಾರದು, ಬಣ್ಣದ ಬಾಬ್ತಿಗೆ ಮುಂಗಡದಲ್ಲಿ ಎಷ್ಟು ಮುರಿಯಲಾಗುತ್ತದೆ ಎಂಬಿಷ್ಟು ಸ್ಪಷ್ಟವಾಗಿದ್ದರೆ ಮುಂದಿನ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ. ಮನೆ ಕೊಡುವ ದಿನವೇ ಗೋಡೆ, ನಲ್ಲಿ, ಸ್ವಿಚ್ಚುಗಳ ಚಿತ್ರ ತೆಗೆದು ಇಬ್ಬರ ಬಳಿಯೂ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಕರ್ನಾಟಕದ 1999ರ ಬಾಡಿಗೆ ಕಾಯ್ದೆಯು ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅನ್ವಯಿಸದು. ಹಾಗಾಗಿ ಇಂದಿನ ಬಹುತೇಕ ಬಾಡಿಗೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ಬರುತ್ತವೆ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯನ್ನು ಕೊನೆಗಾಣಿಸಲು ಹದಿನೈದು ದಿನಗಳ ಲಿಖಿತ ನೋಟಿಸು ಸಾಕು ಎಂದು ಆ ಕಾಯ್ದೆ ಹೇಳುತ್ತದೆ. ನೋಟಿಸಿನ ನಂತರವೂ ಮನೆ ಬಿಡದಿದ್ದರೆ ಮಾತ್ರ ನ್ಯಾಯಾಲಯದ ದಾರಿಯೇ ಗತಿ, ಆ ದಾರಿ ಉದ್ದದ್ದು. ನೀರು, ವಿದ್ಯುತ್ ಕಡಿದು ಹೊರಡಿಸುವುದನ್ನು ಕಾನೂನು ಒಪ್ಪುವುದಿಲ್ಲ.

ಆದ್ದರಿಂದ ಎರಡು ಸಾವಿರ ಹೆಚ್ಚು ಕೊಡುವವರಿಗಿಂತ, ಕೆಲಸದ ಖಾತ್ರಿಯಿದ್ದು ಹಿಂದಿನ ಮನೆಯ ಮಾಲೀಕರೊಡನೆ ಮಾತಾಡಿಸಲು ಹಿಂಜರಿಯದವರು ಮೇಲು. ಜಾತಿ, ಊಟ, ಮದುವೆಯಾಗಿದೆಯೇ ಎಂಬಂಥ ಪ್ರಶ್ನೆಗಳಿಂದ ಜನರನ್ನು ಸೋಸುವ ಮಾಲೀಕರು ನಮ್ಮಲ್ಲಿ ಈಗಲೂ ಬಹಳ. ಅದು ಸರಿಯಲ್ಲ ಎಂಬುದು ಹಾಗಿರಲಿ, ವ್ಯವಹಾರದ ದೃಷ್ಟಿಯಿಂದಲೂ ನಷ್ಟವೇ: ಬಾಡಿಗೆ ಕಟ್ಟುವ ಶಿಸ್ತಿಗೂ ತಟ್ಟೆಯಲ್ಲಿರುವುದಕ್ಕೂ ಸಂಬಂಧವಿಲ್ಲ, ಖಾಲಿ ಬಿದ್ದ ತಿಂಗಳು ಮಾತ್ರ ಮಾಲೀಕರದ್ದು.

ಮುಂಗಡದ ಬಗ್ಗೆ ಬೆಂಗಳೂರಿಗೆ ತನ್ನದೇ ಸಂಪ್ರದಾಯವಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಇಲ್ಲಿ ಬಹುಕಾಲ ನಡೆದು ಬಂದಿದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಸತಿ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸುತ್ತದೆ; ಅದನ್ನು ಜಾರಿಗೆ ತರುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಎಷ್ಟೇ ಪಡೆದರೂ ಅದು ಮಾಲೀಕರ ಆದಾಯವಲ್ಲ, ಹಿಂದಿರುಗಿಸಬೇಕಾದ ಸಾಲ. ಬೇರೆ ಖರ್ಚಿಗೆ ಬಳಸಿ, ಮನೆ ಬಿಡುವ ದಿನ ಹೊಸ ಬಾಡಿಗೆದಾರರ ಮುಂಗಡ ಬರಲೆಂದು ಹಳಬರನ್ನು ಕಾಯಿಸುವುದು ಸರ್ವೇಸಾಮಾನ್ಯವಾದರೂ ಸಮರ್ಥನೀಯವಲ್ಲ. ಇದೇ ಸಮಸ್ಯೆಯ ದೊಡ್ಡ ರೂಪ ಲೀಸ್, ಅಂದರೆ ಭೋಗ್ಯದ ಪದ್ಧತಿ. ಹತ್ತು–ಹದಿನೈದು ಲಕ್ಷ ಒಟ್ಟಿಗೆ ಪಡೆದು ಎರಡು–ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಕೊಡುವುದರಿಂದ ತಿಂಗಳ ಆದಾಯ ಬರುವುದೇ ಇಲ್ಲ. ಆ ಹಣವನ್ನು ದುಬಾರಿ ಸಾಲ ತೀರಿಸಲು ಬಳಸಿದರೆ ಬಡ್ಡಿ ಉಳಿಯುತ್ತದೆ, ಆದರೆ ಅವಧಿ ಮುಗಿದಾಗ ಮೊತ್ತವನ್ನು ಹೊಂದಿಸುವ ದಾರಿ ಮೊದಲೇ ತಿಳಿದಿರಬೇಕು. ಮಾಲೀಕರಿಗೆ ತಿಂಗಳ ಬಾಡಿಗೆ ಕೊಡುವುದಾಗಿ ಹೇಳಿ, ಅದೇ ಮನೆಯನ್ನು ಬೇರೆಯವರಿಗೆ ಲೀಸಿಗೆ ಕೊಟ್ಟು ಹಣ ಪಡೆಯುವ ಮಧ್ಯವರ್ತಿಗಳಿಂದ ದೂರವಿರಬೇಕು. ಅವರು ಕೈಯೆತ್ತಿದ ದಿನ ಬಾಗಿಲಲ್ಲಿ ನಿಲ್ಲುವುದು ಹಣ ಕಳೆದುಕೊಂಡ ಸಂಸಾರ.

ಕೂತಲ್ಲೇ ಬರುವ ಆದಾಯ ಎಂಬ ಮಾತಿಗೆ ದೊಡ್ಡ ಪರೀಕ್ಷೆ ಹೊರದೇಶದಲ್ಲಿರುವ ಕನ್ನಡಿಗರದು. ಸೋರುವ ಪೈಪು, ಕೆಟ್ಟ ಮೋಟಾರು, ಬಾರದ ಬಾಡಿಗೆ ಇವೆಲ್ಲಕ್ಕೆ ಊರಿನಲ್ಲಿರುವ ತಮ್ಮನನ್ನೋ ಭಾವನನ್ನೋ ನೆಚ್ಚಬೇಕಾಗುತ್ತದೆ. ಸಂಬಳಕ್ಕೆ ಯಾರನ್ನಾದರೂ ನೇಮಿಸಿದರೆ ಮೊದಲೇ ತೆಳುವಾದ ಇಳುವರಿ ಇನ್ನಷ್ಟು ಇಳಿಯುತ್ತದೆ. ಮಾಲೀಕರು ಅನಿವಾಸಿಯಾಗಿದ್ದರೆ ಬಾಡಿಗೆದಾರರು ಪ್ರತಿ ತಿಂಗಳೂ ಶೇ. 30ರಷ್ಟು ತೆರಿಗೆಯನ್ನು, ಸೆಸ್ ಸೇರಿ ಶೇ. 31.2ನ್ನು, ಮೂಲದಲ್ಲೇ ಮುರಿದು ಸರ್ಕಾರಕ್ಕೆ ಕಟ್ಟಬೇಕು. ನಿವಾಸಿ ಮಾಲೀಕರಿಗಾದರೆ ತಿಂಗಳ ಬಾಡಿಗೆ 50,000 ರೂ. ಮೀರಿದಾಗ ಮಾತ್ರ, ಅದೂ 2024ರ ಅಕ್ಟೋಬರಿನಿಂದ ಶೇ. 2ರಷ್ಟು. ಅನಿವಾಸಿಗಳು ಹೆಚ್ಚುವರಿಯಾಗಿ ಮುರಿದದ್ದನ್ನು ರಿಟರ್ನ್ಸ್ ಸಲ್ಲಿಸಿ ಹಿಂಪಡೆಯಬಹುದಾದರೂ, ಈ ಕಿರಿಕಿರಿಯಿಂದಾಗಿ ಅನಿವಾಸಿಗಳ ಮನೆ ಬೇಡವೆನ್ನುವ ಬಾಡಿಗೆದಾರರಿದ್ದಾರೆ.

ಇಷ್ಟೆಲ್ಲ ಓಡಾಟ ಬೇಡ, ಬಾಡಿಗೆಯ ಪಾಲು ಬೇಕು ಎನ್ನುವವರಿಗೆ ಷೇರುಪೇಟೆಯಲ್ಲಿ ವಹಿವಾಟಾಗುವ ರೀಟ್‌ಗಳಿವೆ, ಅಂದರೆ ಹಲವರ ಹಣ ಕೂಡಿಸಿ ಬಾಡಿಗೆ ತರುವ ಕಟ್ಟಡಗಳನ್ನು ಹೊಂದುವ ಟ್ರಸ್ಟುಗಳು. ಬೆಂಗಳೂರು ಮೂಲದ ಎಂಬೆಸಿ ಆಫೀಸ್ ಪಾರ್ಕ್ಸ್ 2019ರ ಏಪ್ರಿಲಿನಲ್ಲಿ ದೇಶದ ಮೊದಲ ರೀಟ್ ಆಗಿ ಪೇಟೆಗೆ ಬಂತು. ಹಂಚಬಹುದಾದ ನಗದಿನ ಕನಿಷ್ಠ ಶೇ. 90ನ್ನು ಹೂಡಿಕೆದಾರರಿಗೆ ಹಂಚಬೇಕೆಂಬುದು ನಿಯಮ. ಇವುಗಳ ಬಾಡಿಗೆ ಹೆಚ್ಚಾಗಿ ಕಚೇರಿ ಕಟ್ಟಡಗಳಿಂದ ಬರುವುದು. ಯೂನಿಟ್ಟಿನ ಬೆಲೆ ಪೇಟೆಯೊಂದಿಗೆ ಏರಿಳಿಯುತ್ತದೆ. ಕೆಲವು ನೂರು ರೂಪಾಯಿಯಿಂದಲೇ ಆರಂಭಿಸಬಹುದು, ಬೇಕೆಂದಾಗ ಮಾರಬಹುದು.

ಮನೆಯನ್ನು ಹಾಗೆ ಮಾರಲಾಗದು. ಕೊಳ್ಳುವವರು ಸಿಗಲು ತಿಂಗಳುಗಳು ಬೇಕಾಗಬಹುದು, ಒಳಗಿರುವ ಬಾಡಿಗೆದಾರರನ್ನೂ ಒಪ್ಪಿಸಬೇಕು. ಎರಡು ವರ್ಷ ಮೀರಿ ಇಟ್ಟುಕೊಂಡ ಮನೆಯನ್ನು ಮಾರಿದಾಗ ಬರುವ ಲಾಭಕ್ಕೆ, 2024ರ ಜುಲೈ 23ರ ನಂತರ, ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ. 12.5ರ ತೆರಿಗೆ ಬೀಳುತ್ತದೆ; ಆ ದಿನಾಂಕಕ್ಕೆ ಮೊದಲು ಕೊಂಡಿದ್ದ ನಿವಾಸಿಗಳಿಗೆ ಹೊಂದಾಣಿಕೆಯೊಂದಿಗೆ ಶೇ. 20ರ ಹಳೆಯ ಲೆಕ್ಕವನ್ನು ಆಯ್ದುಕೊಳ್ಳುವ ಅವಕಾಶವಿದೆ. ಇಂದು ಹೊಸದಾಗಿ ಕೊಳ್ಳುವವರಿಗೆ ಆ ಆಯ್ಕೆಯಿಲ್ಲ. ಬೆಲೆ ಹಣದುಬ್ಬರದಷ್ಟೇ ಏರಿದ್ದರೂ ಆ ಏರಿಕೆಗೆ ತೆರಿಗೆ ಕಟ್ಟಬೇಕಾಗುವುದರಿಂದ, ಕೊಳ್ಳುವಾಗಿನ ಶೇ. 7.6ರ ಜೊತೆಗೆ ಇದನ್ನೂ ಆರಂಭದ ಲೆಕ್ಕದ ಹಾಳೆಯಲ್ಲೇ ಬರೆದುಕೊಳ್ಳಬೇಕು.